ಗೋಲಿನ ಲೆಕ್ಕಕ್ಕೆ ಮೊದಲು ಕೂಲಿಯ ಲೆಕ್ಕ: ಊರಿನ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆ ಬರೆಯುವ ಬಗೆ

ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾಗದ, ಜಾತ್ರೆಯ ಆಮಂತ್ರಣ, ಯಕ್ಷಗಾನದ ನೋಟೀಸು, ಶಾಲೆಯ ಪ್ರಶ್ನೆಪತ್ರಿಕೆ, ಇವು ದಿನದ ಕೆಲಸ. ವರ್ಷಕ್ಕೆ ನಾಲ್ಕೈದು ಸ್ಮರಣ ಸಂಚಿಕೆಗಳೂ ಬರುತ್ತವೆ. ಅದರಲ್ಲಿ ಒಂದಾದರೂ ಫುಟ್‌ಬಾಲ್ ಕ್ಲಬ್ಬಿನದು. ಕಾಸರಗೋಡು ಜಿಲ್ಲೆಯಲ್ಲಿ ಚೆಂಡು ಒದೆಯದ ಊರು ಉಂಟಾ?

ಆ ಸಂಚಿಕೆಗಳನ್ನು ಟೈಪ್ ಮಾಡುವಾಗೆಲ್ಲ ನನಗೆ ಸಂಕಟ ಆಗುತ್ತಿತ್ತು. ಮೊದಲ ಇಪ್ಪತ್ತು ಪುಟ ಶುಭಾಶಯ. ಕೊನೆಯ ಮೂವತ್ತು ಪುಟ ಜಾಹೀರಾತು. ನಡುವೆ ಎರಡು ಪುಟ 'ನಡೆದು ಬಂದ ದಾರಿ'. ಅದರಲ್ಲೂ ಯಾವ ವರ್ಷ ಯಾವ ಕಪ್ಪು ಗೆದ್ದರು ಎಂಬ ಪಟ್ಟಿ ಅಷ್ಟೇ. ಆಡಿದವರು ಯಾರು, ಹಗಲಲ್ಲಿ ಏನು ಮಾಡುತ್ತಿದ್ದರು, ಮೈದಾನ ಯಾರದ್ದು, ಜೆರ್ಸಿ ಒಗೆದದ್ದು ಯಾರು, ಒಂದೂ ಇಲ್ಲ.

ನನ್ನಪ್ಪ ಮುರಕಲ್ಲು, ಅಂದರೆ ಮನೆ ಕಟ್ಟುವ ಕೆಂಪು ಕಲ್ಲು, ಕಡಿಯುತ್ತಿದ್ದವರು. ಸಂಜೆ ಐದರ ಮೇಲೆ ನಮ್ಮೂರ ಕ್ಲಬ್ಬಿನ ಗೋಲಿ, ಅಂದರೆ ಗೋಲ್‌ಕೀಪರ್. ಅವರ ಬೆರಳ ಸಂದಿನ ಕೆಂಪು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಬೆವರಿದ ಕೈಯಲ್ಲಿ ಚೆಂಡು ಹಿಡಿದರೆ ಚೆಂಡಿನ ಮೇಲೆ ಅಂಗೈಯ ಅಚ್ಚು ಬೀಳುತ್ತಿತ್ತು. ಮ್ಯಾಚು ಮುಗಿದ ಮೇಲೆ ಆ ಅಚ್ಚುಗಳನ್ನು ನೋಡಿ, ಇವತ್ತು ಗೋಲಿಗೆ ಎಷ್ಟು ಕೆಲಸ ಇತ್ತು ಅಂತ ಜನ ಹೇಳುತ್ತಿದ್ದರಂತೆ. ಇದು ಯಾವ ಸಂಚಿಕೆಯಲ್ಲೂ ಬಂದಿಲ್ಲ.

ಕ್ಲಬ್ಬಿಗೆ ಐವತ್ತು ತುಂಬುವಾಗ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಹನ್ನೊಂದು ತಿಂಗಳು ಹಿಡಿಯಿತು. ನೀವೂ ನಿಮ್ಮೂರಿನ ಕ್ಲಬ್ಬಿನದ್ದು ಬರೆಯಬೇಕು ಎಂಬ ಆಸೆಯಿಂದ, ನಾನು ಹೇಗೆ ಮಾಡಿದೆ ಅಂತ ಇಲ್ಲಿ ಹೇಳುತ್ತೇನೆ.

ಕಲ್ಲಿದ್ದಲ ಊರುಗಳು ಕಲಿಸಿದ್ದು

ಅಣ್ಣನ ಮಗ ಜರ್ಮನಿಯಲ್ಲಿ ಕೆಲಸದಲ್ಲಿದ್ದಾನೆ. ನಾನು ಬರೆಯಲು ಕೂತ ಹೊಸತರಲ್ಲಿ ಅವನು ಗೆಲ್ಸೆನ್‌ಕಿರ್ಷೆನ್ ಎಂಬ ಊರಿನ ಸ್ಟೇಡಿಯಂ ನೋಡಲು ಹೋಗಿ, ಅಲ್ಲಿಂದ ಒಂದು ವಿಡಿಯೋ ಕಳಿಸಿದ. ಶಾಲ್ಕೆ ಎಂಬ ಕ್ಲಬ್ಬಿನ ಸ್ಟೇಡಿಯಂ. ಆಟಗಾರರು ಮೈದಾನಕ್ಕೆ ಬರುವ ದಾರಿ ಇದೆಯಲ್ಲ, ಅದನ್ನು ಕಲ್ಲಿದ್ದಲ ಗಣಿಯ ಸುರಂಗದ ಹಾಗೆ ಮಾಡಿದ್ದಾರೆ. ಕಪ್ಪು ಗೋಡೆ. ಗಣಿಯಿಂದ ಮೇಲೆ ಬಂದ ಹಾಗೆ ಆಟಗಾರರು ಬೆಳಕಿಗೆ ಬರುತ್ತಾರೆ. ನಾನು ಅದನ್ನು ಹತ್ತು ಸಲ ನೋಡಿದೆ. ಕಲ್ಲುಕೋರೆಯ ಅಡಿಯಿಂದ ಅಪ್ಪ ಮೇಲೆ ಹತ್ತಿ ಬರುವುದೇ ಕಣ್ಣಿಗೆ ಕಟ್ಟಿತು.

ಆಮೇಲೆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಓದುತ್ತಾ ಹೋದೆ. ಶಾಲ್ಕೆಯನ್ನು 1904ರಲ್ಲಿ ಶುರು ಮಾಡಿದ್ದು ಗಣಿ ಕೇರಿಯ ಹುಡುಗರು. ಗಣಿ ಕೆಲಸದವರು ಒಬ್ಬರಿಗೊಬ್ಬರು ಹೇಳುವ ಮಾತು 'ಗ್ಲ್ಯೂಕ್ ಔಫ್'. ಕ್ಷೇಮವಾಗಿ ಮೇಲೆ ಬಾ ಎಂಬ ಅರ್ಥ ಅದರಲ್ಲಿದೆ. 1928ರಲ್ಲಿ ಕ್ಲಬ್ಬಿಗೆ ಸ್ವಂತ ಮೈದಾನ ಆದಾಗ ಅದಕ್ಕೆ ಇಟ್ಟ ಹೆಸರೂ ಅದೇ ಮಾತು. ಜಾಗ ಕೊಟ್ಟದ್ದು ಪಕ್ಕದ ಗಣಿ. ಜರ್ಮನಿಯ ಕೊನೆಯ ಸುರಂಗದ ಕಲ್ಲಿದ್ದಲ ಗಣಿ ಹತ್ತಿರದ ಬೋಟ್ರೋಪಿನಲ್ಲಿ 2018ರ ಡಿಸೆಂಬರಿನಲ್ಲಿ ಮುಚ್ಚಿತು. ಗಣಿ ಹೋದರೂ ಸುರಂಗ ಸ್ಟೇಡಿಯಮ್ಮಿನಲ್ಲಿ ಉಳಿದಿದೆ.

ಫ್ರಾನ್ಸಿನಲ್ಲಿ ಲಾನ್ಸ್ ಎಂಬ ಊರು. ಊರಿನ ಜನಕ್ಕಿಂತ ಅಲ್ಲಿನ ಸ್ಟೇಡಿಯಮ್ಮಿನ ಸೀಟು ಜಾಸ್ತಿ, 38 ಸಾವಿರ. ಕ್ಲಬ್ಬು ಹುಟ್ಟಿದ್ದು 1906ರಲ್ಲಿ. ಅದೇ ವರ್ಷ ಮಾರ್ಚ್ 10ರಂದು ಹತ್ತಿರದ ಕೂರಿಯೇರ್ ಗಣಿಯಲ್ಲಿ ಸ್ಫೋಟ ಆಗಿ 1,099 ಜನ ಸತ್ತರು. 1930ರ ದಶಕದ ಶುರುವಿನಲ್ಲಿ ಸ್ಟೇಡಿಯಂ ಕಟ್ಟಿದ್ದು ಕೆಲಸ ಕಳೆದುಕೊಂಡ ಗಣಿ ಕಾರ್ಮಿಕರು. ಅದಕ್ಕೆ ಇಟ್ಟದ್ದು ಗಣಿ ಕಂಪನಿಯ ಅಧಿಕಾರಿಯ ಹೆಸರು, ಬೊಲಾರ್. ಆ ಭಾಗದ ಕೊನೆಯ ಗಣಿ 1990ರಲ್ಲಿ ನಿಂತಿತು. ಎಂಟು ವರ್ಷ ಕಳೆದು, 1998ರಲ್ಲಿ, ಲಾನ್ಸ್ ಫ್ರಾನ್ಸಿನ ಲೀಗ್ ಗೆದ್ದಿತು.

ಇದನ್ನೆಲ್ಲ ಓದುವಾಗ ನನಗೊಂದು ವಿಷಯ ಹೊಳೆಯಿತು. ಈ ಕ್ಲಬ್ಬುಗಳ ಚರಿತ್ರೆಯಲ್ಲಿ ಮೊದಲು ಬರುವುದು ಕಪ್ಪಲ್ಲ, ಕೆಲಸ. ಗಣಿ ಯಾವಾಗ ತೆರೆಯಿತು, ಪಾಳಿ ಎಷ್ಟು ಹೊತ್ತಿಗೆ, ಜನ ಎಲ್ಲಿಂದ ಬಂದರು. ಆಟ ಅದರ ಬೆನ್ನಿಗೆ ಬರುತ್ತದೆ. ನಮ್ಮ ಕ್ಲಬ್ಬಿನದ್ದೂ ಹೀಗೇ ಬರೆಯಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ಮೊದಲು ಕೇಳಬೇಕಾದ್ದು

ಹಿರಿಯರ ಹತ್ತಿರ ಹೋಗಿ "ಕ್ಲಬ್ಬಿನ ಚರಿತ್ರೆ ಹೇಳಿ" ಅಂದರೆ ಏನೂ ಸಿಗುವುದಿಲ್ಲ. "ಅಯ್ಯೋ, ಅದೆಲ್ಲ ಮರೆತುಹೋಗಿದೆ ಮಗಾ" ಅನ್ನುತ್ತಾರೆ. ಇಲ್ಲದಿದ್ದರೆ ಅಧ್ಯಕ್ಷರು, ಕಾರ್ಯದರ್ಶಿಗಳ ಹೆಸರು ಹೇಳಿ ಸುಮ್ಮನಾಗುತ್ತಾರೆ. ಮೊದಲ ಎರಡು ತಿಂಗಳು ನನಗೆ ಇದೇ ಆಯಿತು.

ಆಮೇಲೆ ಪ್ರಶ್ನೆ ಬದಲಿಸಿದೆ. "ನೀವು ಕೋರೆಗೆ ಬೆಳಿಗ್ಗೆ ಎಷ್ಟು ಗಂಟೆಗೆ ಹೋಗ್ತಿದ್ರಿ ಮಾವಾ?" ಅಂತ ಕೇಳಿದೆ. ಅಷ್ಟೇ. ಮಾತು ನಿಲ್ಲಲಿಲ್ಲ.

ಬೆಳಿಗ್ಗೆ ಆರಕ್ಕೇ ಕೋರೆಗೆ ಇಳಿಯುತ್ತಿದ್ದರು. ಬಿಸಿಲು ಏರಿದ ಮೇಲೆ ಕೆಂಪು ಗೋಡೆಗಳ ನಡುವೆ ನಿಲ್ಲಲು ಆಗುವುದಿಲ್ಲ, ಅದಕ್ಕೆ. ಎರಡು ಗಂಟೆಗೆ ಕೆಲಸ ಮುಗಿಯುತ್ತಿತ್ತು. ಗಂಜಿ ಉಂಡು, ಒಂದು ಗಳಿಗೆ ಮಲಗಿ, ಐದಕ್ಕೆ ಮೈದಾನ. ಕೂಲಿ ದಿನಕ್ಕಲ್ಲ, ಕಲ್ಲಿಗೆ ಇಷ್ಟು ಅಂತ. ಹಾಗಾಗಿ ಮ್ಯಾಚು ಇರುವ ದಿನ ನಾಲ್ಕು ಕಲ್ಲು ಕಡಿಮೆ ಕಡಿದರೆ ನಾಲ್ಕು ಕಲ್ಲಿನ ಕೂಲಿ ಹೋಯಿತು. ಬಟವಾಡೆ ಶನಿವಾರ. ಕ್ಲಬ್ಬಿನ ಹಳೆಯ ಲೆಕ್ಕದ ಪುಸ್ತಕದಲ್ಲಿ ವಂತಿಗೆ ಎಲ್ಲವೂ ಶನಿವಾರದ ತಾರೀಕಿನಲ್ಲೇ ಯಾಕೆ ಇದೆ ಅಂತ ನನಗೆ ಆಗ ಅರ್ಥ ಆಯಿತು. ಭಾನುವಾರ ಬೆಳಿಗ್ಗೆ ಚಹಾದಂಗಡಿಗೆ ದುಡ್ಡು ಹೋಗುವ ಮೊದಲೇ ಕಾರ್ಯದರ್ಶಿ ಕೋರೆಯ ಬಾಯಿಗೆ ಹೋಗಿ ನಿಲ್ಲುತ್ತಿದ್ದರು!

ನಿಮ್ಮೂರಿನಲ್ಲಿ ಕೋರೆ ಇಲ್ಲದಿರಬಹುದು. ಹೆಂಚಿನ ಕಾರ್ಖಾನೆ ಇರಬಹುದು, ದೋಣಿ ಇರಬಹುದು, ಅಡಿಕೆ ತೋಟ, ಮಗ್ಗ, ಗಲ್ಫ್ ಇರಬಹುದು. ಯಾವುದಾದರೂ ಸರಿ, ಮೊದಲ ಮಾತುಕತೆ ಪೂರ್ತಿ ಅದರ ಬಗ್ಗೆಯೇ ಇರಲಿ. ಚೆಂಡಿನ ಸುದ್ದಿ ಅವರೇ ತರುತ್ತಾರೆ, ನೀವು ತರಬೇಡಿ.

ರೇಮೊಂದ್ ಕೊಪಾ ಎಂಬ ಫ್ರೆಂಚ್ ಆಟಗಾರನ ಹೆಸರು ಕೇಳಿರಬಹುದು. 1958ರಲ್ಲಿ ಯುರೋಪಿನ ಅತ್ಯುತ್ತಮ ಆಟಗಾರ ಎಂಬ ಪ್ರಶಸ್ತಿ ಪಡೆದವನು. ಪೋಲೆಂಡಿನಿಂದ ವಲಸೆ ಬಂದ ಮನೆತನ, ಊರು ಲಾನ್ಸ್ ಹತ್ತಿರದ ನೋ ಲೆ ಮೀನ್. ಊರಿನ ಹೆಸರಲ್ಲೇ ಗಣಿ ಇದೆ. ಹುಡುಗನಾಗಿದ್ದಾಗಲೇ ಗಣಿಗೆ ಇಳಿದು, ಅಲ್ಲಿ ಒಂದು ಅಪಘಾತದಲ್ಲಿ ಎಡಗೈ ಬೆರಳಿನ ತುದಿ ಕಳೆದುಕೊಂಡಿದ್ದ. ಪ್ರಶಸ್ತಿಯ ಪಟ್ಟಿಯಲ್ಲಿ ಆ ಬೆರಳು ಕಾಣುವುದಿಲ್ಲ. ಕೆಲಸದ ಬಗ್ಗೆ ಕೇಳಿದರೆ ಮಾತ್ರ ಕಾಣುತ್ತದೆ. ನಮ್ಮ ಕ್ಲಬ್ಬಿನ ಹಳೆಯ ಬ್ಯಾಕ್ ಒಬ್ಬರ ಬಲಗಾಲಿನ ಹೆಬ್ಬೆರಳಿನ ಉಗುರು ಪಿಕ್ಕಾಸು ಬಿದ್ದು ಹೋಗಿತ್ತು. ಅವರು ಜನ್ಮವಿಡೀ ಎಡಗಾಲಲ್ಲೇ ಒದೆದರು. ಎಡಗಾಲಿನ ಆಟಗಾರ ಅಂತಲೇ ಹೆಸರು. ಕಾರಣ ಗೊತ್ತಿದ್ದದ್ದು ಅವರ ಹೆಂಡತಿಗೆ ಮಾತ್ರ.

ಫೋಟೋ ಹಿಡಿದುಕೊಂಡು ಹೋಗಿ

ಬರಿಗೈಯಲ್ಲಿ ಹೋಗಬೇಡಿ. ಒಂದೇ ಒಂದು ಹಳೆಯ ತಂಡದ ಫೋಟೋ ಸಿಕ್ಕಿದರೆ ಸಾಕು, ಅದನ್ನು ಎ4 ಹಾಳೆಯಷ್ಟು ದೊಡ್ಡದು ಮಾಡಿ ಪ್ರಿಂಟ್ ತೆಗೆಸಿ. ಹಿರಿಯರ ಕಣ್ಣಿಗೆ ಸಣ್ಣ ಫೋಟೋ ಆಗುವುದಿಲ್ಲ, ಮೊಬೈಲಿನಲ್ಲಿ ತೋರಿಸಿದರೆ ಬೆರಳು ತಾಗಿ ಚಿತ್ರ ಜಾರುತ್ತದೆ. ಪ್ರಿಂಟನ್ನು ಮಡಿಲಲ್ಲಿ ಇಟ್ಟುಕೊಂಡು ನೋಡಲಿ. ಅವಸರ ಮಾಡಬೇಡಿ.

ನಾನು ಒಯ್ದ ಫೋಟೋದಲ್ಲಿ ಒಂಬತ್ತು ಜನ ಇದ್ದರು. ಮುಂದಿನ ಸಾಲಿನಲ್ಲಿ ಕೂತ ನಾಲ್ವರ ಕಾಲಿಗೆ ಬೂಟಿಲ್ಲ. ನಡುವೆ ಚರ್ಮದ ಚೆಂಡು. ಅದರ ಬಾಯಿಗೆ ಹಾಕಿದ ಲೇಸು ಎದ್ದು ಕಾಣುತ್ತದೆ. ಅದನ್ನು ಮೊದಲು ನೋಡಿದ ಗೋಲಿಸೋಡಾ ಅಂಗಡಿಯ ಇಚ್ಚ ಮುಖ ನೋಡಲೇ ಇಲ್ಲ, ಲೇಸಿನ ಮೇಲೆ ಬೆರಳಿಟ್ಟರು. "ಇದು ಹಣೆಗೆ ಬಡಿದರೆ ಮೂರು ದಿನ ಗುರುತು ಇರ್ತಿತ್ತು" ಅಂದರು. ಆ ಚೆಂಡಿನೊಳಗೆ ರಬ್ಬರಿನ ಬ್ಲ್ಯಾಡರ್. ಸೈಕಲ್ ಪಂಪಿನಲ್ಲಿ ಗಾಳಿ ಹಾಕಿ, ಬಾಯಿ ಕಟ್ಟಿ, ಒಳಗೆ ತುರುಕಿ, ಲೇಸು ಬಿಗಿಯಬೇಕು. ಅದು ಎಲ್ಲರಿಗೂ ಬರುವ ಕೆಲಸ ಅಲ್ಲ. ಮಳೆ ಬಂದರೆ ಚೆಂಡು ನೀರು ಕುಡಿದು ಕಲ್ಲಾಗುತ್ತಿತ್ತು. ಅದಕ್ಕೆ ಮನೆಯಲ್ಲಿ ಕೊಬ್ಬರಿ ಎಣ್ಣೆ ಸವರಿ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಒಂದು ಲೇಸಿನಿಂದ ನನಗೆ ಎರಡು ಪುಟ ಸಿಕ್ಕಿತು.

ಒಬ್ಬರು ಹೇಳಿದ ಹೆಸರನ್ನು ಫೋಟೋದ ಮೇಲೆ ಬರೆಯಬೇಡಿ. ಫೋಟೋದ ಮೇಲೆ ಪಾರದರ್ಶಕ ಹಾಳೆ ಇಟ್ಟು ತಲೆಗಳಿಗೆ ನಂಬರು ಹಾಕಿ. ಹೆಸರುಗಳನ್ನು ಪ್ರತ್ಯೇಕ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಇನ್ನೊಬ್ಬರ ಮನೆಗೆ ಹೋದಾಗ ಮೊದಲಿನವರು ಹೇಳಿದ್ದನ್ನು ಹೇಳದೆ ಪುನಃ ಕೇಳಿ. ಇಬ್ಬರು ಒಂದೇ ಹೆಸರು ಹೇಳಿದರೆ ಅದನ್ನು ಗಟ್ಟಿ ಮಾಡಿಕೊಳ್ಳಿ.

ಹಳೆಯ ಫೋಟೋ ಯಾರಿಂದಲೂ ಮನೆಗೆ ತರಬೇಡಿ, ಇದು ನನ್ನ ಕಳಕಳಿಯ ಮಾತು. ಹಿಂದೆ ಒಂದು ಸಂಚಿಕೆಗೆ ಅಂತ ನಮ್ಮ ಮನೆಯಿಂದ ಅಪ್ಪನ ಫೋಟೋ ಒಯ್ದವರು ಅದನ್ನು ಪ್ರೆಸ್ಸಿಗೆ ಕೊಟ್ಟರು. ಪ್ರೆಸ್ಸಿನಿಂದ ಅದು ವಾಪಸು ಬರಲಿಲ್ಲ. ಅಪ್ಪ ಡೈವ್ ಹೊಡೆಯುವ ಒಂದೇ ಫೋಟೋ ಅದು. ಅಮ್ಮ ಈಗಲೂ ಕೇಳುತ್ತಾರೆ. ಅದಕ್ಕೆ ನಾನು ಅವರವರ ಜಗಲಿಯಲ್ಲೇ ಕೂತು ಮೊಬೈಲಿನಲ್ಲಿ ತೆಗೆಯುತ್ತೇನೆ. ಕಿಟಕಿಯ ಬದಿಯ ಬೆಳಕು ಬೇಕು, ನೇರ ಬಿಸಿಲು ಬೇಡ, ಫ್ಲ್ಯಾಶ್ ಬೇಡವೇ ಬೇಡ. ಫೋಟೋವನ್ನು ಬಿಳಿ ಹಾಳೆಯ ಮೇಲೆ ಇಟ್ಟು, ಮೊಬೈಲನ್ನು ನೇರ ಮೇಲಿನಿಂದ ಹಿಡಿಯಬೇಕು. ಹಿಂಬದಿಯನ್ನೂ ತೆಗೆಯಿರಿ, ಸ್ಟುಡಿಯೋದ ಸೀಲು ಅಲ್ಲಿರುತ್ತದೆ, ಕೆಲವೊಮ್ಮೆ ತಾರೀಕೂ. ಹಿಂದೆ ಏನಾದರೂ ಬರೆಯುವುದಿದ್ದರೆ ಪೆನ್ಸಿಲಿನಲ್ಲಿ ಮೆಲ್ಲಗೆ. ಲ್ಯಾಮಿನೇಷನ್ ಮಾಡಿಸಲು ಹೊರಟವರನ್ನು ತಡೆಯಿರಿ, ಒಮ್ಮೆ ಮಾಡಿದರೆ ಫೋಟೋ ಅದರಿಂದ ಬಿಡಿಸಲು ಆಗುವುದಿಲ್ಲ.

ರೆಕಾರ್ಡಿಂಗಿಗೆ ಮೊಬೈಲೇ ಸಾಕು. ಮೊದಲು ಒಪ್ಪಿಗೆ ಕೇಳಿ. ಫ್ಲೈಟ್ ಮೋಡಿಗೆ ಹಾಕಿ, ಇಲ್ಲದಿದ್ದರೆ ಒಳ್ಳೆಯ ಜಾಗದಲ್ಲೇ ಫೋನು ಬರುತ್ತದೆ. ಮುಕ್ಕಾಲು ಗಂಟೆಗಿಂತ ಜಾಸ್ತಿ ಎಳೆಯಬೇಡಿ. ಮುಗಿದ ದಿನವೇ ಫೈಲಿಗೆ ತಾರೀಕು ಮತ್ತು ಹೆಸರು ಹಾಕಿ, ಕಂಪ್ಯೂಟರಿಗೆ ಒಂದು, ಪೆನ್‌ಡ್ರೈವಿಗೆ ಒಂದು ಕಾಪಿ ಮಾಡಿಡಿ.

ಭಾಷೆಯ ವಿಷಯ. ನಮ್ಮದು ಸಪ್ತಭಾಷೆಗಳ ನಾಡು ಅಂತ ಭಾಷಣದಲ್ಲಿ ಹೇಳುತ್ತೇವೆ. ಕೆಲಸ ಮಾಡುವಾಗ ಅದನ್ನು ನೆನಪಿಡಬೇಕು. ನಮ್ಮ ಆಟಗಾರರಲ್ಲಿ ತುಳು ಆಡುವವರು, ಮಲಯಾಳಂ ಆಡುವವರು, ಬ್ಯಾರಿ, ಮರಾಠಿ, ಕನ್ನಡ ಎಲ್ಲರೂ ಇದ್ದರು. ಅವರ ಮನೆಮಾತಿನಲ್ಲೇ ಹೇಳಲು ಬಿಡಿ. ಕನ್ನಡದಲ್ಲಿ ಹೇಳಿ ಅಂದರೆ ಮಾತು ಸಭೆಯ ಮಾತಾಗುತ್ತದೆ. ಬರೆಯುವಾಗ ಕನ್ನಡಕ್ಕೆ ತನ್ನಿ, ಆದರೆ ಮೈದಾನದಲ್ಲಿ ಕೂಗಿದ ಮಾತನ್ನು ಹಾಗೇ ಇಡಿ.

ವರ್ಷ ಹಿಡಿಯುವುದು

ಹಿರಿಯರಿಗೆ ಇಸವಿ ನೆನಪಿರುವುದಿಲ್ಲ, ಬೇರೆ ಎಲ್ಲ ನೆನಪಿರುತ್ತದೆ. ಹಾಗಾಗಿ ಇಸವಿ ಕೇಳಬೇಡಿ, ಗೂಟ ಕೊಡಿ. "ಆ ಫೈನಲ್ ತುರ್ತುಪರಿಸ್ಥಿತಿಯ ಮೊದಲಾ, ಮೇಲಾ?" ಅಂತ ಕೇಳಿದರೆ 1975 ಗೊತ್ತಾಗುತ್ತದೆ. ಕಾಸರಗೋಡು ಬೇರೆ ಜಿಲ್ಲೆ ಆದದ್ದು 1984ರ ಮೇ 24. ಇಂದಿರಾ ಗಾಂಧಿ ತೀರಿಹೋದದ್ದು ಅದೇ ವರ್ಷ ಅಕ್ಟೋಬರ್ 31. ಇವೆರಡರ ನಡುವೆ ಅಂದರೆ ಐದು ತಿಂಗಳೊಳಗೆ ಹಿಡಿದ ಹಾಗಾಯಿತು. ಕೇರಳ ಮೊದಲ ಸಲ ಸಂತೋಷ್ ಟ್ರೋಫಿ (ರಾಜ್ಯಗಳ ನಡುವಿನ ಫುಟ್‌ಬಾಲ್ ಕಪ್ಪು) ಗೆದ್ದದ್ದು 1973ರ ಡಿಸೆಂಬರಿನಲ್ಲಿ, ಎರ್ನಾಕುಳಂನಲ್ಲಿ. ಆಗ ರೇಡಿಯೋ ಕೇಳಿದವರಿಗೆ ಅದು ಮರೆಯುವುದಿಲ್ಲ. ಮರಡೋನಾ ವರ್ಲ್ಡ್‌ಕಪ್ಪು 1986. ಟಿವಿ ಯಾರ ಮನೆಯಲ್ಲಿತ್ತು ಅಂತ ಕೇಳಿ, ಊರಿನ ಅರ್ಧ ಕಥೆ ಬರುತ್ತದೆ.

ಬೆಳೆಯೂ ಒಂದು ಪಂಚಾಂಗ. ಗದ್ದೆಯಲ್ಲಿ ಸೆವೆನ್ಸ್ (ಏಳೇಳು ಜನರ ಫುಟ್‌ಬಾಲ್) ಆಡಿದ್ದರೆ ಅದು ಕೊಯ್ಲಿನ ಮೇಲೇ ಆಗಬೇಕು. ಏಣೆಲು (ಮೊದಲ ಬೆಳೆ) ಕೊಯ್ದ ಮೇಲಾ, ಸುಗ್ಗಿ (ಎರಡನೇ ಬೆಳೆ) ಕೊಯ್ದ ಮೇಲಾ ಅಂತ ಕೇಳಿ. ಕೂಳೆ ಕಾಲಿಗೆ ಚುಚ್ಚುತ್ತಿತ್ತಾ, ನೆಲ ಹಸಿ ಇತ್ತಾ? ಕಾಲು ಮರೆಯುವುದಿಲ್ಲ.

ಕಾಗದಪತ್ರ ಹುಡುಕುವಾಗ ಮೊದಲು ಕ್ಲಬ್ಬಿನ ಮಿನಿಟ್ಸ್ ಪುಸ್ತಕ ಮತ್ತು ಲೆಕ್ಕದ ಪುಸ್ತಕ. ಕ್ಲಬ್ಬಿನ ಕಪಾಟಿನಲ್ಲಿ ಇಲ್ಲದಿದ್ದರೆ ಹಳೆಯ ಕಾರ್ಯದರ್ಶಿಗಳ ಮನೆಯ ಅಟ್ಟದಲ್ಲಿರುತ್ತದೆ. ಕ್ಲಬ್ಬು ನೋಂದಣಿ ಆಗಿದ್ದರೆ, ನಮ್ಮ ಮಲಬಾರ್ ಭಾಗದಲ್ಲಿ ಅದು 1860ರ ಸೊಸೈಟಿ ಕಾಯ್ದೆಯ ಅಡಿಯಲ್ಲಿ ಆಗಿರುತ್ತದೆ. ಜಿಲ್ಲಾ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಹಾಕಿ ನಿಯಮಾವಳಿಯ ನಕಲು ಕೇಳಬಹುದು. ಮೊದಲು ಸಹಿ ಹಾಕಿದವರ ಹೆಸರಿನ ಮುಂದೆ ಅವರ ಕೆಲಸವೂ ಬರೆದಿರುತ್ತದೆ. ನಮ್ಮದರಲ್ಲಿ ಕೂಲಿ, ಕೂಲಿ, ಬೀಡಿ, ಟೈಲರ್, ಅಧ್ಯಾಪಕ, ಕೂಲಿ, ಚಹಾದಂಗಡಿ ಅಂತ ಇತ್ತು. ಅದನ್ನು ಹಾಗೇ ಪುಸ್ತಕದ ಮೊದಲ ಪುಟಕ್ಕೆ ಹಾಕಿದೆ.

ಲೆಕ್ಕದ ಪುಸ್ತಕ ಓದಲು ಬೇಜಾರು ಅಂತ ಬಿಡಬೇಡಿ. ನನಗೆ ಅತಿ ಇಷ್ಟದ ಪುಟ ಅದರಲ್ಲೇ ಸಿಕ್ಕಿದ್ದು. ಒಂದು ಫೈನಲ್ ದಿನದ ಖರ್ಚು: ಲಿಂಬೆ ಹುಳಿ 12, ಸೋಡಾ 9, ಪೆಟ್ರೋಮ್ಯಾಕ್ಸ್ ಬಾಡಿಗೆ, ಮ್ಯಾಂಟಲ್ 2, ಸುಣ್ಣ, ರೆಫ್ರಿಯ ಬಸ್ಸಿನ ಚಾರ್ಜು. ಕೆಳಗೆ ಬೇರೆ ಶಾಯಿಯಲ್ಲಿ, 'ಗೋಲಿಯ ಅರ್ಧ ದಿನದ ಕೂಲಿ'. ಅಪ್ಪನಿಗೆ ಆ ದಿನ ಕ್ಲಬ್ಬು ಕೂಲಿ ತುಂಬಿಕೊಟ್ಟಿತ್ತು. ಅಪ್ಪ ಅದನ್ನು ಯಾವತ್ತೂ ನಮಗೆ ಹೇಳಿದವರಲ್ಲ.

ಹಳೆಯ ಮಿನಿಟ್ಸ್ ಕನ್ನಡದಲ್ಲಿದೆ. ನಡುವೆ ಒಂದು ಕಡೆಯಿಂದ ಮಲಯಾಳಂ ಶುರು ಆಗುತ್ತದೆ. ಬರೆಯುವ ಹುಡುಗರು ಕಲಿತ ಶಾಲೆ ಬದಲಾದದ್ದು ಅಲ್ಲಿ ಕಾಣುತ್ತದೆ. ನನಗೆ ಮಲಯಾಳಂ ಓದಲು ಬರುತ್ತದೆ, ಆದರೂ ಆ ಪುಟಗಳನ್ನು ಬರೆದವರನ್ನೇ ಕರೆದು ಓದಿಸಿದೆ. ಅವರ ಕೈಬರಹ ಅವರಿಗೇ ಗೊತ್ತು.

ಮೈದಾನ ಮತ್ತು ಕಪ್ಪು

ಮೈದಾನಕ್ಕೆ ಒಂದು ಪ್ರತ್ಯೇಕ ಅಧ್ಯಾಯ ಕೊಡಿ. ನಮ್ಮ ಮೈದಾನ ಒಂದು ಹಳೆಯ ಕೋರೆ. ಕಲ್ಲು ಮುಗಿದ ಮೇಲೆ ಅಲ್ಲಿ ಕಡಿದವರೇ ನೆಲ ಸಪಾಟು ಮಾಡಿ ಗೋಲುಕಂಬ ನೆಟ್ಟರು. ಮೂರು ಕಡೆ ಕಡಿದ ಗೋಡೆ, ಮೆಟ್ಟಿಲು ಮೆಟ್ಟಿಲಾಗಿ. ಅದೇ ಗ್ಯಾಲರಿ. ಬಿದಿರು ಕಟ್ಟುವ ಖರ್ಚಿಲ್ಲ. ಹತ್ತಿರ ಹೋಗಿ ನೋಡಿದರೆ ಗೋಡೆಯ ಮೇಲೆ ಪಿಕ್ಕಾಸಿನ ಏಟಿನ ಗೆರೆಗಳು ಓರೆಯಾಗಿ ಸಾಲಾಗಿ ಈಗಲೂ ಇವೆ. ಬಲಗೈಯವರು ಕಡಿದದ್ದು ಒಂದು ಕಡೆ ಓರೆ, ಎಡಗೈಯವರದ್ದು ಇನ್ನೊಂದು ಕಡೆ. ಮುರಕಲ್ಲು ಭೂಮಿಯೊಳಗೆ ಇರುವಾಗ ಮೆತ್ತಗೆ, ಗಾಳಿ ಬಿಸಿಲು ತಾಗಿದ ಹಾಗೆ ಗಟ್ಟಿಯಾಗುತ್ತದೆ. ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು 1807ರಲ್ಲಿ ಕೊಟ್ಟದ್ದು ಫ್ರಾನ್ಸಿಸ್ ಬುಕಾನನ್, ನಮ್ಮದೇ ಮಲಬಾರಿನ ಅಂಗಾಡಿಪುರದ ಕಲ್ಲು ನೋಡಿ. ಅಂಥ ನೆಲದಲ್ಲಿ ಬಿದ್ದರೆ ಮೊಣಕಾಲಿನ ಚರ್ಮ ಉಳಿಯುವುದಿಲ್ಲ. ನಮ್ಮ ಹಿರಿಯರ ಮೊಣಕಾಲು ನೋಡಿದರೆ ಯಾರು ಗೋಲಿ, ಯಾರು ಫಾರ್ವರ್ಡ್ ಅಂತ ನಾನೇ ಹೇಳಬಲ್ಲೆ.

ಜಾಗ ಯಾರದ್ದು, ಯಾರು ಬಿಟ್ಟುಕೊಟ್ಟರು, ಬಾಯಿಮಾತಿನಲ್ಲಾ ಕಾಗದದಲ್ಲಾ ಅಂತ ಕೇಳಿ. ಈಗ ಜಾಗದ ಬೆಲೆ ಏರಿದೆ, ಹಾಗಾಗಿ ಈ ಪ್ರಶ್ನೆಗೆ ಕೆಲವರು ಗಂಭೀರ ಆಗುತ್ತಾರೆ. ಸಿಟ್ಟು ಮಾಡಿಕೊಳ್ಳಬೇಡಿ. ಹೇಳಿದಷ್ಟನ್ನು ಬರೆದುಕೊಳ್ಳಿ.

ಕಪ್ಪುಗಳನ್ನು ಒಂದೊಂದಾಗಿ ಕೈಗೆ ತೆಗೆದುಕೊಂಡು, ಬಟ್ಟೆಯಲ್ಲಿ ಒರೆಸಿ, ಬುಡದಲ್ಲಿ ಕೆತ್ತಿದ್ದನ್ನು ಓದಿ. ಆದರೆ ಅದನ್ನು ಕಣ್ಣುಮುಚ್ಚಿ ನಂಬಬೇಡಿ. ನಾನು ಒಂದು ಕಪ್ಪಿನ ಮೇಲಿದ್ದ ಇಸವಿ ನೋಡಿ ಕ್ಲಬ್ಬಿನ ಮೊದಲ ಗೆಲುವು ಅಂತ ಬರೆದಿದ್ದೆ. ಅದು ಬೇರೆ ಊರಿನವರ ಹಳೆಯ ರೋಲಿಂಗ್ ಕಪ್ಪು, ಪ್ರತಿ ಸಲ ಗೆದ್ದವರ ಕೈಗೆ ದಾಟುವಂಥದ್ದು, ನಮ್ಮ ಕೈಗೆ ಬಂದದ್ದು ನಾಲ್ಕು ವರ್ಷ ಕಳೆದು. ಕರಡು ಓದಿಸಿದಾಗ ಟೈಲರ್ ಮಾವ ಹಿಡಿದುಕೊಟ್ಟರು. ಅಚ್ಚಿಗೆ ಹೋಗುವ ಮೊದಲು ಮೂವರು ಹಿರಿಯರಿಗಾದರೂ ಕರಡು ಓದಿ ಹೇಳಿ.

ಕಪ್ಪಿನ ಕಥೆ ಎಂದರೆ ಇಂಗ್ಲೆಂಡಿನ ವೆಸ್ಟ್ ಆಕ್‌ಲ್ಯಾಂಡ್ ನೆನಪಾಗುತ್ತದೆ. ಡರ್ಹಂ ಸೀಮೆಯ ಕಲ್ಲಿದ್ದಲ ಹಳ್ಳಿ ಅದು. ಚಹಾ ವ್ಯಾಪಾರಿ ಥಾಮಸ್ ಲಿಪ್ಟನ್, ನಮ್ಮ ಅಂಗಡಿಗಳ ಚಹಾ ಪೊಟ್ಟಣದ ಲಿಪ್ಟನ್ನೇ, ಇಟಲಿಯ ಟ್ಯೂರಿನ್‌ನಲ್ಲಿ ಒಂದು ಟೂರ್ನಮೆಂಟ್ ಮಾಡಿಸಿದ. 1909ರಲ್ಲಿ ಈ ಗಣಿ ಕಾರ್ಮಿಕರ ತಂಡ ಹೋಗಿ ಗೆದ್ದಿತು. 1911ರಲ್ಲಿ ಪುನಃ ಹೋಗಿ ಫೈನಲಿನಲ್ಲಿ ಇಟಲಿಯ ಯುವೆಂಟಸ್ ತಂಡವನ್ನು 6-1ರಿಂದ ಸೋಲಿಸಿತು. ಕಪ್ಪು ಊರಿಗೆ ಬಂತು, ಜೊತೆಗೆ ಪ್ರಯಾಣದ ಸಾಲವೂ ಬಂತು. 40 ಪೌಂಡಿಗೆ ಊರಿನ ಹೋಟೆಲಿನ ಒಡತಿಯ ಹತ್ತಿರ ಕಪ್ಪನ್ನು ಅಡವಿಟ್ಟರು. ಬಿಡಿಸಿಕೊಂಡದ್ದು 1960ರಲ್ಲಿ, 100 ಪೌಂಡು ಕೊಟ್ಟು. 1994ರಲ್ಲಿ ಅದು ಕಳವಾಯಿತು. ಈಗ ಇರುವುದು ಅದರ ಪ್ರತಿರೂಪ. ಗೆದ್ದ ಎರಡು ದಿನಗಳಿಗಿಂತ ಆ ಅಡವಿನ ಕಥೆಯಲ್ಲಿ ಊರು ಜಾಸ್ತಿ ಕಾಣುತ್ತದೆ, ಅಲ್ವಾ? ಹಾಗಾಗಿ ಕಪ್ಪು ಗೆದ್ದ ಮೇಲೆ ಎಲ್ಲಿತ್ತು, ಯಾರ ಮನೆಯ ಶೋಕೇಸಿನಲ್ಲಿ, ಯಾರು ತೊಳೆಯುತ್ತಿದ್ದರು ಅಂತಲೂ ಕೇಳಿ.

ಅದೇ ತಂಡದ ಬಗ್ಗೆ ಇನ್ನೊಂದು ಮಾತಿದೆ. ಆಹ್ವಾನ ನಿಜವಾಗಿ ಹೋಗಬೇಕಾದ್ದು ಲಂಡನ್ನಿನ ದೊಡ್ಡ ಕ್ಲಬ್ಬು ವುಲ್ವಿಚ್ ಆರ್ಸೆನಲ್‌ಗೆ, ಇಂಗ್ಲಿಷಿನಲ್ಲಿ ಎರಡರ ಮೊದಲಕ್ಷರವೂ W.A. ಆದ್ದರಿಂದ ವೆಸ್ಟ್ ಆಕ್‌ಲ್ಯಾಂಡಿಗೆ ಬಂತು ಅಂತ. ಕೇಳಲು ಚೆಂದ, ಆದರೆ ಆಧಾರ ಇಲ್ಲ. ಇಂಥವು ಎಲ್ಲ ಊರಲ್ಲೂ ಇರುತ್ತವೆ. ನಮ್ಮಲ್ಲಿ, ಅರ್ಧ ಮೈದಾನದಿಂದ ಹೊಡೆದ ಚೆಂಡು ಬಲೆ ಹರಿದು ತೆಂಗಿನ ಮರಕ್ಕೆ ಬಡಿದು ಕಾಯಿ ಬಿತ್ತು ಎಂಬ ಕಥೆ ಇದೆ. ನಾನು ಅದನ್ನು ಬಿಡಲಿಲ್ಲ. 'ಹೀಗೆ ಹೇಳುತ್ತಾರೆ' ಅಂತ ಸ್ಪಷ್ಟ ಬರೆದು ಹಾಕಿದೆ. ಕಥೆಯನ್ನು ಕಥೆ ಅಂತ ಹೇಳಿದರೆ ಓದುವವರಿಗೂ ಸಮಾಧಾನ.

ಜಗಳ, ದುಡ್ಡು, ಬೇಸರ

ಇವನ್ನು ಮುಚ್ಚಿಡಬೇಡಿ. ಶಾಲ್ಕೆಯವರಿಗೆ 1930ರಲ್ಲಿ ನಿಷೇಧ ಆಯಿತು. ಆಟಗಾರರಿಗೆ ನಿಯಮಕ್ಕಿಂತ ಜಾಸ್ತಿ ಭತ್ಯೆ ಕೊಟ್ಟದ್ದು ತಪ್ಪು ಅಂತ. ಕ್ಲಬ್ಬಿನ ಖಜಾಂಚಿ ಕಾಲುವೆಗೆ ಹಾರಿ ಪ್ರಾಣ ಕಳೆದುಕೊಂಡರು. ಮರುವರ್ಷ ನಿಷೇಧ ತೆಗೆದ ಮೇಲಿನ ಮೊದಲ ಮ್ಯಾಚು ನೋಡಲು ಸುಮಾರು 70 ಸಾವಿರ ಜನ ಬಂದರು. 1934ರಿಂದ 1942ರೊಳಗೆ ಆರು ಸಲ ದೇಶದ ಚಾಂಪಿಯನ್ ಆದರು. ಅದು ನಾಜಿಗಳ ಕಾಲ. ಆ ಕಾಲದ ತನ್ನ ನಡತೆಯನ್ನು ಕ್ಲಬ್ಬು ಆಮೇಲೆ ಸಂಶೋಧಕರಿಂದ ಬರೆಸಿತು. ಅಷ್ಟು ದೊಡ್ಡ ಕ್ಲಬ್ಬಿಗೆ ಆ ಧೈರ್ಯ ಇದ್ದರೆ ನಮಗೆ ಯಾಕೆ ಇರಬಾರದು?

ನಮ್ಮ ಕ್ಲಬ್ಬು ಒಮ್ಮೆ ಎರಡಾಯಿತು. ಒಂಬತ್ತು ವರ್ಷ ಒಂದೇ ಊರಲ್ಲಿ ಎರಡು ಜೆರ್ಸಿ. ಅಣ್ಣ ತಮ್ಮಂದಿರು ಮಾತು ಬಿಟ್ಟಿದ್ದರು. ಎರಡೂ ಕಡೆಯವರ ಮಾತನ್ನು ಅವರವರ ಬಾಯಲ್ಲೇ ಹೇಳಿಸಿ, ಅಕ್ಕಪಕ್ಕದ ಪುಟಗಳಲ್ಲಿ ಇಟ್ಟೆ. ಯಾರು ಸರಿ ಅಂತ ನಾನು ಬರೆಯಲಿಲ್ಲ. ದುಡ್ಡಿನ ವಿಷಯದಲ್ಲಿ ಒಬ್ಬರ ಹೆಸರು ಬಂತು, ಅವರು ಈಗ ಇಲ್ಲ, ಮಕ್ಕಳು ಊರಲ್ಲೇ ಇದ್ದಾರೆ. ಮಕ್ಕಳನ್ನು ಕೇಳಿದೆ. ಹೆಸರು ಬೇಡ, ವಿಷಯ ಇರಲಿ ಅಂದರು. ಹಾಗೇ ಮಾಡಿದೆ.

ಒಳಮನೆಗೆ ಹೋಗಿ

ಗಂಡಸರು ಬರೆದ ಕ್ಲಬ್ಬಿನ ಚರಿತ್ರೆಗಳಲ್ಲಿ ಅಡಿಗೆಮನೆ ಇರುವುದಿಲ್ಲ. ನಾನು ಹೆಂಗಸಾದ್ದರಿಂದ ನನಗೆ ಒಳಗೆ ಹೋಗುವುದು ಸುಲಭ ಆಯಿತು. ನೀವು ಗಂಡಸಾಗಿದ್ದರೆ ಅಕ್ಕನನ್ನೋ ಹೆಂಡತಿಯನ್ನೋ ಜೊತೆಗೆ ಕರೆದುಕೊಂಡು ಹೋಗಿ.

ಇಂಗ್ಲೆಂಡಿನ ಆಶಿಂಗ್ಟನ್ ಎಂಬ ಗಣಿ ಊರಿನ ಚಾರ್ಲ್‌ಟನ್ ಅಣ್ಣತಮ್ಮಂದಿರು 1966ರಲ್ಲಿ ವರ್ಲ್ಡ್‌ಕಪ್ ಗೆದ್ದ ತಂಡದಲ್ಲಿದ್ದರು. ಸೆಮಿಫೈನಲ್ ದಿನ ಅವರ ಅಪ್ಪ ಗಣಿಯೊಳಗೆ ಪಾಳಿಯಲ್ಲಿದ್ದರು. ಮಕ್ಕಳಿಗೆ ಚೆಂಡಿನ ಹುಚ್ಚು ಹಿಡಿಸಿದ್ದು ಅಮ್ಮ ಸಿಸಿ.

ನಮ್ಮೂರಲ್ಲಿ ಗಂಡ ಕೋರೆಗೆ ಹೋದರೆ ಹೆಂಡತಿ ಬೀಡಿ ಕಟ್ಟುತ್ತಿದ್ದಳು. ಮಡಿಲಲ್ಲಿ ಗೆರಸೆ, ಅದರಲ್ಲಿ ಎಲೆ, ಹೊಗೆಸೊಪ್ಪು, ಕತ್ತರಿ, ನೂಲು. ಅಮ್ಮನನ್ನು ನಾನು ಕೊನೆಗೆ ಕೇಳಿದೆ, ಮನೆಯವರಲ್ವಾ ಅಂತ ಬಿಟ್ಟಿದ್ದೆ. ಕ್ಲಬ್ಬಿನ ಮೊದಲ ಜೆರ್ಸಿಯ ಬಟ್ಟೆಗೆ ಕಡಿಮೆ ಬಿದ್ದ ದುಡ್ಡನ್ನು ಐದು ಮನೆಯ ಹೆಂಗಸರು ಬೀಡಿಯ ದುಡ್ಡಿನಿಂದ ಕೊಟ್ಟದ್ದಂತೆ. ವಂತಿಗೆಯ ಪುಸ್ತಕದಲ್ಲಿ ಅದು ಅವರವರ ಗಂಡಂದಿರ ಹೆಸರಲ್ಲಿದೆ. ಜೆರ್ಸಿ ಕೆಂಪು ಬಣ್ಣದ್ದು ಯಾಕೆ ಅಂತ ಎಲ್ಲರೂ ಪಾರ್ಟಿಯ ಕಾರಣ ಹೇಳುತ್ತಿದ್ದರು. ಅಮ್ಮ ಹೇಳಿದ್ದು ಬೇರೆ. "ಬಿಳಿ ತಂದರೆ ಕೋರೆಯ ಮಣ್ಣು ಹೋಗ್ತದಾ? ಒಗೆಯುವವರು ನಾವಲ್ವಾ? ಕೆಂಪೇ ತನ್ನಿ ಅಂದೆವು." ಎರಡೂ ಕಾರಣ ಪುಸ್ತಕದಲ್ಲಿವೆ. ಅಮ್ಮನದ್ದು ಮೊದಲು.

ಅಚ್ಚು ಹಾಕಿಸುವಾಗ

ಇದು ನನ್ನ ಕಸುಬು, ಹಾಗಾಗಿ ಚುಟುಕಾಗಿ. ಟೈಪ್ ಮಾಡಿಸುವುದು ಯೂನಿಕೋಡಿನಲ್ಲೇ ಇರಲಿ, ಹಳೆಯ ಫಾಂಟಿನಲ್ಲಿ ಮಾಡಿಸಿದರೆ ಹತ್ತು ವರ್ಷ ಕಳೆದು ಫೈಲು ತೆರೆದಾಗ ಅಕ್ಷರ ಕಲಸಿಹೋಗಿರುತ್ತದೆ. ಪುಟದ ಸಂಖ್ಯೆ 16ರ ಲೆಕ್ಕದಲ್ಲಿ ಬರಲಿ, 48 ಅಥವಾ 64, ಕಾಗದ ಹಾಳಾಗುವುದಿಲ್ಲ. ಶುಭಾಶಯ ಎಲ್ಲ ಸೇರಿ ಒಂದು ಪುಟ ಸಾಕು ಅಂತ ಸಮಿತಿಯಲ್ಲಿ ಮೊದಲೇ ನಿರ್ಣಯ ಮಾಡಿಸಿ, ಆಮೇಲೆ ಆಗುವುದಿಲ್ಲ. ಜಾಹೀರಾತು ಬೇಕು, ಅದಿಲ್ಲದೆ ಖರ್ಚು ಹುಟ್ಟುವುದಿಲ್ಲ, ಆದರೆ ಅದೆಲ್ಲ ಕೊನೆಗೆ ಇರಲಿ.

ಹೆಸರುಗಳಿಗೆ ಜಾಸ್ತಿ ಸಮಯ ಕೊಡಿ. ಕಾಗದದ ಹೆಸರು, ಮನೆಯ ಹೆಸರು, ಮೈದಾನದಲ್ಲಿ ಕರೆಯುತ್ತಿದ್ದ ಹೆಸರು, ಮೂರೂ ಬೇಕು. ಆಡಿದ ಎಲ್ಲರ ಪಟ್ಟಿ ಕೊನೆಗೆ ಅಕಾರಾದಿಯಲ್ಲಿ ಹಾಕಿ, ಒಂದು ಸಲ ಬದಲಿಯಾಗಿ ಇಳಿದವರನ್ನೂ ಬಿಡದೆ. ಪುಸ್ತಕ ಕೈಗೆ ಬಂದ ತಕ್ಷಣ ಜನ ಮೊದಲು ತೆರೆಯುವುದು ಆ ಪುಟವನ್ನೇ.

ಪ್ರತಿಗಳನ್ನು ಊರಿನ ವಾಚನಾಲಯಕ್ಕೆ, ಶಾಲೆಗೆ, ಕಾಸರಗೋಡು ಸರಕಾರಿ ಕಾಲೇಜಿನ ಕನ್ನಡ ವಿಭಾಗಕ್ಕೆ ಕೊಡಿ. ರೆಕಾರ್ಡಿಂಗುಗಳ ಒಂದು ಕಾಪಿ ಅವರವರ ಮನೆಯವರಿಗೆ ಕೊಡಿ. ಸೋಡಾ ಅಂಗಡಿಯ ಇಚ್ಚ ಪುಸ್ತಕ ಬರುವ ಮೊದಲೇ ಹೋದರು. ಅವರ ಮಗಳು ಶಾರ್ಜಾದಲ್ಲಿದ್ದಾಳೆ. ಪೆನ್‌ಡ್ರೈವು ಅವಳ ಕೈ ಸೇರಿದ ರಾತ್ರಿ ನನಗೆ ಫೋನು ಮಾಡಿದಳು. ಹಿನ್ನೆಲೆಯಲ್ಲಿ ಇಚ್ಚ ಚೆಂಡಿನ ಲೇಸಿನ ಸುದ್ದಿ ಹೇಳುತ್ತಾ ಇದ್ದರು.

ಕೊನೆಯಲ್ಲಿ ನಾಲ್ಕು ಖಾಲಿ ಪುಟ ಬಿಡಿ, ಗೆರೆ ಹಾಕಿ. ತಿದ್ದುಪಡಿ ಹೇಳಲು ಜನ ಬಂದೇ ಬರುತ್ತಾರೆ. ನನ್ನ ಅಂಗಡಿಯ ಪ್ರತಿಯಲ್ಲಿ ಮೂರು ಪುಟ ತುಂಬಿದೆ.